ಆ ವರ್ಷದ ಧ್ವಜಾರೋಹಣಕ್ಕೆ ಮೈಕ್ ಹಾಕಿದ್ದು

ತುರುವೇಕೆರೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು ಆಗ ಇಬ್ಬರೇ ಇದ್ದೆವು. ಮದುವೆ, ನಾಟಕ, ಸಿನಿಮಾ ಪ್ರಚಾರ ಇಬ್ಬರಿಗೂ ಹಂಚಿಹೋಗುತ್ತಿದ್ದವು. ಆಗಸ್ಟ್ ಹದಿನೈದರ ಧ್ವಜಾರೋಹಣ ಮಾತ್ರ ನನಗೇ ಬರುತ್ತಿತ್ತು. ನನ್ನ ಕೈಗುಣ ದೊಡ್ಡದೆಂದಲ್ಲ; ನನ್ನ ಆಂಪ್ಲಿಫೈಯರ್ ಕರೆಂಟಿನಲ್ಲೂ ನಡೆಯುತ್ತಿತ್ತು, ಬ್ಯಾಟರಿಯಲ್ಲೂ ನಡೆಯುತ್ತಿತ್ತು. ತಹಸೀಲ್ದಾರರು ಭಾಷಣಕ್ಕೆ ನಿಂತಾಗಲೇ ಕರೆಂಟ್ ಹೋಗುವುದು ನಮ್ಮ ಊರಿನ ಪದ್ಧತಿ. ಹಾಗಾಗಿ ಜುಲೈ ಮುಗಿಯುವ ಹೊತ್ತಿಗೆ ತಾಲ್ಲೂಕು ಕಚೇರಿಯಿಂದ ಹೇಳಿಕಳಿಸುತ್ತಿದ್ದರು, ನಾನು ಪೊಲೀಸ್ ಠಾಣೆಯಲ್ಲಿ ಧ್ವನಿವರ್ಧಕದ ಪರ್ಮಿಷನ್ ಬರೆಸಿಕೊಂಡು ಬಂದು ವೈರುಗಳನ್ನು ಬಿಸಿಲಿಗೆ ಹರಡುತ್ತಿದ್ದೆ.

ಅದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ಆ ಬೇಸಿಗೆಗೆ ಮುಂಚೆ ಹೈಸ್ಕೂಲಿನ ಒಬ್ಬ ಮೇಷ್ಟ್ರನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಸರ್ಕಾರವನ್ನು ಟೀಕಿಸುವ ಕರಪತ್ರ ಹಂಚಿದರು ಎಂಬುದು ಆರೋಪ. ವಿಚಾರಣೆಯಿಲ್ಲ, ಜಾಮೀನಿಲ್ಲ, ಯಾವ ಜೈಲು ಎಂಬುದೂ ಬಹಳ ದಿನ ಗೊತ್ತಾಗಲಿಲ್ಲ. ಊರಿನವರು ಕೆಟ್ಟವರೇನಲ್ಲ. ಆದರೆ ಹೆಸರೆತ್ತಿದರೆ ನಮ್ಮ ಮನೆ ಮುಂದೆಯೂ ವ್ಯಾನ್ ನಿಂತೀತು ಎಂಬ ಭಯ. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ, ಬಸ್ಸಿಗೆ ಕಾಯುವಲ್ಲಿ ಮೊದಮೊದಲು ‘ಅವರು’ ಎನ್ನುತ್ತಿದ್ದರು. ಆಮೇಲೆ ಅದೂ ನಿಂತುಹೋಯಿತು. ಮಳೆ ಹಿಡಿಯುವ ಹೊತ್ತಿಗೆ ಅಂಥ ಒಬ್ಬ ಮನುಷ್ಯ ನಮ್ಮಲ್ಲಿ ಪಾಠ ಹೇಳುತ್ತಿದ್ದರೆಂಬುದೇ ಅಳಿಸಿಹೋದಂತಿತ್ತು.

ಆಗಸ್ಟ್ ಮೊದಲ ವಾರದಲ್ಲಿ ಸಬ್ ಇನ್‌ಸ್ಪೆಕ್ಟರ್ ನನ್ನ ಅಂಗಡಿಗೆ ಬಂದರು. ಹಾಸನದ ಕಡೆಯವರು, ನಮ್ಮ ಊರಿಗೆ ಬಂದು ವರ್ಷವಾಗಿತ್ತು. ಗದರುವ ಅಭ್ಯಾಸ ಇರಲಿಲ್ಲ. ನಾನು ಆಂಪ್ಲಿಫೈಯರಿನ ಬೆನ್ನು ಬಿಚ್ಚಿ ಧೂಳು ಒರೆಸುತ್ತಿದ್ದೆ.

“ಪರ್ಮಿಷನ್ನಿಗೆ ನಾನೇ ಬರೋನಿದ್ದೆ ಸಾರ್,” ಎಂದೆ.

“ಇರ್ಲಿ ಬುಡು.” ಅವರು ಸ್ಟೂಲ್ ಎಳೆದುಕೊಂಡು ಕೂತು ಒಳಗಿನ ವಾಲ್ವುಗಳನ್ನು ನೋಡಿದರು. “ಇದು ಆಗಾಗ ಕೆಡುತ್ತಲ್ವೇನಯ್ಯಾ?”

“ನೋಡ್ಕೊಂಡ್ರೆ ಕೆಡಲ್ಲ ಸಾರ್.”

“ಕೆಡುತ್ತೆ ಕಣಯ್ಯಾ. ಹದಿನೈದನೇ ತಾರೀಕು ತಹಸೀಲ್ದಾರ್ ಸಾಹೇಬ್ರ ಭಾಷಣ ಮುಗಿಯೋವರ್ಗೂ ಸರಿಯಾಗಿರುತ್ತೆ. ಯಜಮಾನ್ರು ಎದ್ದು ನಿಂತಾಗ ಕೆಡುತ್ತೆ.”

ಯಜಮಾನರೆಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ಸಂಸ್ಥಾನದ ಕಾಲದಲ್ಲಿ ಬಾವುಟ ಹಿಡಿದು ಜೈಲಿಗೆ ಹೋಗಿಬಂದವರು ನಮ್ಮ ಸುತ್ತಿನಲ್ಲಿ ಅವರೊಬ್ಬರೇ ಉಳಿದಿದ್ದರು. ಮಾಯಸಂದ್ರದ ದಾರಿಯಲ್ಲಿ ಅವರದೊಂದು ತೆಂಗಿನ ತೋಟ. ಪ್ರತಿ ವರ್ಷ ತಹಸೀಲ್ದಾರರ ಭಾಷಣವಾದ ಮೇಲೆ ಅವರ ನಾಲ್ಕು ಮಾತು ಇರಲೇಬೇಕು. ಆ ವರ್ಷ ಅವರು ಸಂತೆಯಲ್ಲಿ ನಿಂತು, ಧ್ವಜದ ಕೆಳಗೆ ಮೇಷ್ಟ್ರ ಹೆಸರು ಹೇಳಿಯೇ ಹೇಳುತ್ತೇನೆ ಎಂದುಬಿಟ್ಟಿದ್ದರಂತೆ. ಬೇರೆ ಏನೂ ಇಲ್ಲ, ಒಂದು ಹೆಸರು.

ಇನ್‌ಸ್ಪೆಕ್ಟರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಅವರು ಹೇಳಿದ್ರೆ ಮೇಲಿಂದ ಫೋನ್ ಬರುತ್ತೆ. ಎಪ್ಪತ್ತು ದಾಟಿದ ಮುದುಕನ್ನ ನಾನು ವ್ಯಾನಿಗೆ ಹತ್ತಿಸ್ಬೇಕು. ದಮ್ಮಿನ ಕಾಯಿಲೆ ಬೇರೆ. ಒಳಗೆ ಹೋದ್ರೆ ವಾಪಸ್ ಬತ್ತಾರೇನಯ್ಯಾ? ಮೈಕ್ ಇಲ್ದಿದ್ರೆ ಅವರ ಮಾತು ಮೊದಲನೇ ಸಾಲು ದಾಟಲ್ಲ. ಕೇಳಿಸ್ದೇ ಇದ್ದ ಮಾತಿಗೆ ಕೇಸಿಲ್ಲ. ನೀನು ಅವರನ್ನ ಉಳಿಸ್ದಂಗೆ ಆಗುತ್ತೆ.”

ನಾನು ಮತ್ತೆ ಧೂಳು ಒರೆಸತೊಡಗಿದೆ. ಅವರಿಗೆ ಅದು ಹಿಡಿಸಲಿಲ್ಲವೆಂದು ಕಾಣುತ್ತದೆ.

“ಪೊಲೀಸ್ನೋನು ಬಾಯಿ ಮುಚ್ಚಿಸೋಕೆ ಬಂದವ್ನೆ ಅಂತ ತಿಳ್ಕೋಬೇಡ. ನನ್ನ ತಮ್ಮ ಮಿಲಿಟ್ರೀಲಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಕಾಲು ಹೋಯ್ತು. ಊರಲ್ಲಿ ಜಗಲಿ ಮೇಲೆ ಕೂತವ್ನೆ. ದೇಶ ಅಂದ್ರೆ ಏನು ಅಂತ ನಂಗೂ ಗೊತ್ತು. ಸಾಲಲ್ಲಿ ನಿಂತ ಮೇಲೆ ಒಬ್ಬೊಬ್ಬನೂ ಒಂದೊಂದು ಮಾತಾಡಿದ್ರೆ ಗುಂಡು ಯಾರಿಗೆ ಬೀಳುತ್ತೆ, ಹೇಳು.”

ಅವರು ಹೋದ ಮೇಲೆ ಬಹಳ ಹೊತ್ತು ಬಿಚ್ಚಿದ ಮಷೀನಿನ ಮುಂದೆ ಕೂತಿದ್ದೆ. ಕೆಡಿಸುವುದು ಸುಲಭ. ಮೈಕಿನ ವೈರಿನಲ್ಲಿ ಒಂದು ಬೆಸುಗೆ ಸಡಿಲ ಮಾಡಿಟ್ಟರೆ ಸಾಕು, ಕಾಲಲ್ಲಿ ಸ್ವಲ್ಪ ಎಳೆದರೆ ಕಿತ್ತುಕೊಳ್ಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಇನ್‌ಸ್ಪೆಕ್ಟರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಮಾರನೆಯ ದಿನ ಸೈಕಲ್ ಹತ್ತಿ ಯಜಮಾನರ ತೋಟಕ್ಕೆ ಹೋದೆ. ಕಾರಣ ಬೇಕಿತ್ತಲ್ಲ, ಧ್ವನಿವರ್ಧಕದ ಹಾರನ್ನು ಕಟ್ಟಲು ಎರಡು ಬಿದಿರು ಬೇಕೆಂದು ಹೇಳಿಕೊಂಡೆ. ಅವರು ತೋಟದ ಮನೆಯ ಮುಂದೆ ಗೋಣಿ ಹಾಸಿಕೊಂಡು ಕೂತಿದ್ದರು. ಅವರ ಹೆಂಡತಿ ಅಟ್ಟದಿಂದ ಇಳಿಸಿದ ಕೊಬ್ಬರಿಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟಕು ಚಿಪ್ಪು ಬಿಟ್ಟು ಗಡಗಡ ಎಂದದ್ದನ್ನು ಒಂದು ಕಡೆ, ಬಿಡದಿದ್ದನ್ನು ಇನ್ನೊಂದು ಕಡೆ ಹಾಕುತ್ತಿದ್ದರು.

ಬಿದಿರಿನ ಮಾತು ಮುಗಿಯುವ ಮುಂಚೆಯೇ ನಾನು ಹೇಳಿಬಿಟ್ಟೆ. “ಯಜಮಾನ್ರೇ, ನಿಮ್ಮ ಸರದಿ ಬಂದಾಗ ಮೈಕ್ ಕೆಡಿಸು ಅಂತ ಹೇಳವ್ರೆ.”

ಅವರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. “ಕೆಡಿಸ್ಬುಡು ಮತ್ತೆ. ನಿಂಗೂ ಹೆಂಡ್ತಿ ಮಕ್ಕಳವ್ರೆ. ನಾನೇನು ತಪ್ಪು ತಿಳ್ಕಳಲ್ಲ. ನನ್ನ ಗಂಟಲೈತೆ.”

“ಎಲ್ಲೈತೆ ಗಂಟಲು?” ಎಂದರು ಅವರ ಹೆಂಡತಿ, ತಲೆ ಎತ್ತದೆ. “ಒಳಗಿಂದ ಕರುದ್ರೆ ಓ ಅನ್ನೋಕೆ ಉಸಿರಿಲ್ಲ. ನಿನ್ನ ಮೈಕು ಇವರಿಗೆ ಊರುಗೋಲು ಇದ್ದಂಗೆ ಕಣಪ್ಪ.”

“ಹಿಡ್ಕೊಂಡು ಹೋದ್ರೆ ಏನ್ ಮಾಡ್ತೀರಮ್ಮ?”

“ಒಂದು ಕಂಬಳಿ, ದಮ್ಮಿನ ಮಾತ್ರೆ, ಎರಡು ಪಂಚೆ ಗಂಟು ಕಟ್ಟಿ ಮೊಳೆಗೆ ತಗುಲಾಕಿದ್ದೀನಿ. ಬೇಡ ಅಂದ್ರೆ ಕೇಳೋ ಜೀವ ಅಲ್ಲ ಇದು. ಆವಾಗ್ಲೂ ಕೇಳ್ಲಿಲ್ಲ.”

ನಾನು ಯಜಮಾನರನ್ನು ಕೇಳಿದೆ, ಹೇಳುವುದಿದ್ದರೆ ಬೇರೆ ದಿನ ಹೇಳಬಾರದೇ, ಅವತ್ತು ದೇಶದ ಹಬ್ಬ, ಬಾವುಟದ ಕೆಳಗೆ ಸರ್ಕಾರಕ್ಕೆ ವಿರುದ್ಧ ಆಡುವುದು ಸರಿಯೇ ಎಂದು. ಇದು ಇನ್‌ಸ್ಪೆಕ್ಟರ ಪ್ರಶ್ನೆಯಲ್ಲ. ನನ್ನದೇ.

ಅವರು ಎದುರಿನ ಮರವೊಂದನ್ನು ತೋರಿಸಿದರು. “ಆ ಮರದ ಸುಳಿ ಕೊಳೀತಾ ಐತೆ ಅಂದ್ಕ. ದಾರೀಲಿ ಹೋಗೋನು ನೋಡ್ತಾನೆ, ಗರಿಯೆಲ್ಲ ಹಸುರಾಗೈತೆ, ಒಳ್ಳೆ ಮರ ಅಂತ ಹೊಗಳಿ ಹೋಯ್ತಾನೆ. ಸುಳಿ ಕೊಳೀತಾ ಐತೆ ಅಂತ ಬಾಯ್ ಬಡ್ಕಳೋನು ಯಾರು? ಮರ ನಂದು ಅನ್ನೋನು. ಹೊಗಳಿದೋನು ಮರಕ್ಕೆ ಬೇಕಾದೋನು, ಬಡ್ಕಂಡೋನು ದ್ರೋಹಿ ಅಂದ್ರೆ ಹೆಂಗಪ್ಪಾ?”

ನಾನು ಇನ್‌ಸ್ಪೆಕ್ಟರ ತಮ್ಮನ ಸಂಗತಿ ಹೇಳಿದೆ. ಸಾಲಿನ ಮಾತನ್ನೂ ಹೇಳಿದೆ. ತಳ್ಳಿಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ. ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

“ಆ ಹುಡುಗಂಗೆ ಅದೇ ಸರಿ. ಗಡೀಲಿ ನಿಂತೋನು ಸಾಲು ಬಿಟ್ರೆ ಆಯ್ತದಾ? ಆದ್ರೆ ಊರು ಗಡಿ ಅಲ್ಲ ಕಣಪ್ಪ. ಊರಲ್ಲಿ ನಾವು ಬಾಯಿಬಿಟ್ಟು ಮಾತಾಡ್ಕಂಡಿರ್ಲಿ ಅಂತ್ಲೇ ಅವನು ಅಲ್ಲಿ ಕಾಲು ಕೊಟ್ಟಿದ್ದು. ಇನ್‌ಸ್ಪೆಕ್ಟರ್ರು ಸಿಕ್ರೆ ಹೇಳು, ತಮ್ಮನ್ನ ನಾನು ಕೇಳ್ದೆ ಅಂತ.”

ಎರಡು ಬಿದಿರನ್ನು ಸೈಕಲಿಗೆ ಕಟ್ಟಿಕೊಂಡು ವಾಪಸು ಬಂದೆ. ಮನಸ್ಸು ಇನ್ನೂ ಗಟ್ಟಿಯಾಗಿರಲಿಲ್ಲ.

ಕೆಲಸ ಶುರುವಾಯಿತು. ಹೈಸ್ಕೂಲ್ ಮೈದಾನಕ್ಕೆ ನಾಲ್ಕು ಹಾರನ್ನು. ಎರಡು ಮೈದಾನದ ಆ ತುದಿ ಈ ತುದಿಗೆ, ಒಂದು ಕೆರೆ ಏರಿಯ ಕಡೆಗೆ, ಇನ್ನೊಂದು ಹಿಂದಿನ ಬೀದಿಯ ಕಡೆಗೆ. ಹಾರನ್ನಿನ ಬಾಯಿ ಮೈಕಿನತ್ತ ತಿರುಗಿರಬಾರದು. ತಿರುಗಿದ್ದರೆ ತನ್ನ ದನಿ ತಾನೇ ಕೇಳಿಕೊಂಡು ಕುಯ್ಯೆಂದು ಕೂಗುತ್ತದೆ. ಬಾಯಿ ಸ್ವಲ್ಪ ನೆಲದ ಕಡೆಗೆ ಬಗ್ಗಿರಬೇಕು, ಇಲ್ಲದಿದ್ದರೆ ಮಳೆ ನೀರು ಒಳಗೆ ನಿಲ್ಲುತ್ತದೆ. ಮರ ಹತ್ತುವವನಿಗೆ ಇದನ್ನು ಹೇಳಿಯೇ ಹತ್ತಿಸಿದ್ದೆ. ಆದರೂ ಕೆರೆ ಏರಿ ಕಡೆಯ ಹಾರನ್ನು ರಾತ್ರಿ ಗಾಳಿಗೆ ಮೇಲ್ಮುಖವಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮಳೆ ನೀರು ಹಿಂಬದಿಯಲ್ಲಿ ದನಿ ಹುಟ್ಟುವ ಯೂನಿಟ್ಟಿನೊಳಗೆ ಇಳಿದು ಒಳಗಿನ ತೆಳು ಪೊರೆ ಹರಿದಿತ್ತು. ಮಾತು ಹಾಕಿದರೆ ಕಾಗದ ಹರಿದಂಥ ಶಬ್ದ.

ಒಂದು ಗಳಿಗೆ ಎದೆ ಹಗುರಾಯಿತು. ತಾನಾಗಿ ಕೆಟ್ಟಿದೆ; ಇನ್ನೂ ಒಂದೆರಡು ಕೆಟ್ಟರೆ ನಾನೇನೂ ಮಾಡಬೇಕಾಗಿಲ್ಲ. ಆದರೆ ಮಧ್ಯಾಹ್ನದ ಬಸ್ಸಿಗೆ ನಾನು ತಿಪಟೂರಿಗೆ ಹೊರಟಿದ್ದೆ. ಯೂನಿಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೇ ವಿಚಿತ್ರವೆನಿಸಿತು: ಕೆಡಿಸು ಎಂದು ಹೇಳಿಸಿಕೊಂಡ ವಸ್ತುವನ್ನು ರಿಪೇರಿಗೆ ಹೊತ್ತುಕೊಂಡು ಹೋಗುತ್ತಿದ್ದೇನೆ. ರೇಡಿಯೋ ಅಂಗಡಿಯವನ ಬಳಿ ಆ ಅಳತೆಯ ಪೊರೆ ಇರಲಿಲ್ಲ. ಹತ್ತಿರದ ಅಳತೆಯದೊಂದನ್ನು ತಗೊಂಡು, ಅಂಚು ಕತ್ತರಿಸಿ, ಒಳಗಿನ ತಂತಿಸುರುಳಿ ಅಯಸ್ಕಾಂತಕ್ಕೆ ತಾಗದಂತೆ ಕಾಗದದ ಪಟ್ಟಿ ಕೊಟ್ಟು ಕೂರಿಸಬೇಕಾಯಿತು. ಮೊದಲ ಸಲ ತಾಗಿತು. ಬಿಚ್ಚಿ ಮತ್ತೆ ಕೂರಿಸಿದೆವು. ಎರಡನೆಯ ಸಲವೂ ಉಜ್ಜಿದ ಶಬ್ದ. ಅಂಗಡಿಯವನು ಬೇಜಾರಾಗಿ, “ಮೂರು ಹಾರನ್ನಲ್ಲೇ ಮುಗಿಸ್ಬುಡು ಕಣಪ್ಪಾ, ಯಾರು ಕೇಳ್ತಾರೆ?” ಎಂದ. ಮೂರನೆಯ ಸಲ ಸರಿಹೋಯಿತು.

ಹದಿನಾಲ್ಕರ ಬೆಳಿಗ್ಗೆ ಎಲ್ಲ ಕಟ್ಟಿ ಟೆಸ್ಟಿಂಗ್ ಮಾಡಿದೆ. ವಾಲ್ವುಗಳು ಕಾಯುವವರೆಗೆ ಕಾದು, “ಹಲೋ, ಹಲೋ” ಎಂದೆ. ನನ್ನ ದನಿ ಕೆರೆ ಏರಿಗೆ ಬಡಿದು ವಾಪಸು ಬಂತು. ದನ ಮೇಯಿಸುತ್ತಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು. ವರ್ಷಗಟ್ಟಲೆ ಆ ಕೆಲಸ ಮಾಡಿದ್ದೆ. ಮೈಕಿನ ಮುಂದೆ ನಿಂತವರು ಏನು ಹೇಳಿದರೆಂದು ನಾನು ಎಂದೂ ತಲೆಕೆಡಿಸಿಕೊಂಡವನಲ್ಲ. ಮದುವೆಯ ಆಶೀರ್ವಾದವಾದರೂ ಸರಿ, ಬೀಡಿ ಪ್ರಚಾರವಾದರೂ ಸರಿ, ಕೊನೆಯ ಸಾಲಿನವನಿಗೆ ಕೇಳಿಸಬೇಕು, ಅಷ್ಟೇ ನನ್ನ ಧರ್ಮ. ಆ ಬೆಳಿಗ್ಗೆ ಮೈದಾನದಲ್ಲಿ ನಿಂತಾಗ ನನಗೆ ಹೊಳೆದದ್ದೂ ಅಷ್ಟೇ. ಕೇಳಿಸುವಂತೆ ಮಾಡುವುದು ನನ್ನ ಕೆಲಸ. ಕೇಳಿಸಬಾರದೆಂದರೆ ಅದು ಬೇರೆಯವರ ಕೆಲಸ, ಅವರೇ ಮಾಡಲಿ.

ಅಲ್ಲಿಂದ ನೇರವಾಗಿ ಠಾಣೆಗೆ ಹೋದೆ. ಪರ್ಮಿಷನ್ ಕಾಗದ ಸಹಿಯಾಗಿ ಮೇಜಿನ ಮೇಲಿತ್ತು. ಇನ್‌ಸ್ಪೆಕ್ಟರು ಅದರ ಮೇಲೆ ಕೈಯಿಟ್ಟುಕೊಂಡೇ ಕೇಳಿದರು, “ಏನಯ್ಯಾ, ಕೆಡುತ್ತಾ?”

“ಕೆಟ್ಟಿತ್ತು ಸಾರ್. ತಿಪಟೂರಿಗೆ ಹೋಗಿ ಸರಿ ಮಾಡಿಸ್ಕೊಂಡು ಬಂದೆ.”

ಅವರ ಮುಖ ಬಿಗಿದುಕೊಂಡಿತು. ನಾನು ಉಳಿದದ್ದನ್ನೂ ಹೇಳಿದೆ. “ನಿಲ್ಲಿಸ್ಬೇಕು ಅಂತ ನಿಮಗೆ ಅನ್ನಿಸಿದ್ರೆ ನೀವೇ ನಿಲ್ಲಿಸಿ ಸಾರ್. ನನ್ನ ಪಕ್ಕದಲ್ಲೇ ನಿಂತ್ಕೊಳ್ಳಿ, ಯಾವ ಸ್ವಿಚ್ಚು ಅಂತ ತೋರಿಸ್ತೀನಿ. ನಾನು ಅಡ್ಡ ಬರಲ್ಲ. ಆದ್ರೆ ಕೆಟ್ಟೋಯ್ತು ಅಂತ ಅಷ್ಟು ಜನಕ್ಕೆ ಸುಳ್ಳು ಹೇಳೋದು ನನ್ನ ಕೈಲಿ ಆಗಲ್ಲ.”

“ಮೈಕಿನ ಲೈಸೆನ್ಸ್ ಕಿತ್ಕೊಂಡ್ರೆ ಏನ್ ಮಾಡ್ತೀಯ? ಎಮ್ಮೆ ಕಾಯ್ತೀಯಾ?”

“ಕಾಯ್ಬೇಕಾದ್ರೆ ಕಾಯ್ತೀನಿ ಸಾರ್.” ಧೈರ್ಯದಿಂದ ಹೇಳಿದ್ದಲ್ಲ. ಬಾಗಿಲ ಬಳಿ ಹೋದವನು ನೆನಪಾಗಿ ತಿರುಗಿ, “ಯಜಮಾನ್ರು ನಿಮ್ಮ ತಮ್ಮನ್ನ ಕೇಳಿದ್ರು ಸಾರ್,” ಎಂದೆ. ಅವರು ಕಾಗದವನ್ನು ನನ್ನ ಕಡೆ ತಳ್ಳಿದರು.

ಮಾರನೆಯ ಬೆಳಿಗ್ಗೆ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಯಜಮಾನರು ಎಲ್ಲರಿಗಿಂತ ಮೊದಲೇ ಬಂದು, ಮಡಿಸಿದ ಬಾವುಟವನ್ನು ಬಿಚ್ಚಿಸಿ, ಕೇಸರಿ ಮೇಲೇ ಇದೆಯೆಂದು ನೋಡಿ, ಒಳಗೆ ಚೆಂಡುಹೂವಿನ ಎಸಳು ಹಾಕಿಸಿ ಮತ್ತೆ ಕಟ್ಟಿಸಿದರು. ಎಳೆದರೆ ಬಿಚ್ಚಿಕೊಳ್ಳಬೇಕು, ಗಾಳಿಗೆ ಬಿಚ್ಚಿಕೊಳ್ಳಬಾರದು, ಅಂಥ ಗಂಟು. ಅವರ ಹೆಂಡತಿ ಮೊಳೆಗೆ ತಗುಲಿಹಾಕಿದ್ದ ಕಂಬಳಿ, ಪಂಚೆಗಳ ಗಂಟನ್ನೂ ತಂದಿದ್ದರು. ಹೆಂಗಸರ ಸಾಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಇನ್‌ಸ್ಪೆಕ್ಟರು ನನ್ನ ಮೇಜಿನ ಪಕ್ಕಕ್ಕೆ ಬಂದು ನಿಂತರು. ನಾನು ತೋರಿಸಿದೆ: ಇದು ದನಿ ಏರಿಸಿ ಇಳಿಸುವ ಗುಂಡಿ, ಇದು ಮೈಕಿನ ಸ್ವಿಚ್ಚು. ಒತ್ತಿದರೆ ತಕ್ಷಣ ನಿಲ್ಲುತ್ತದೆ. ಬಾವುಟ ಏರಿತು. ಮಕ್ಕಳೆಲ್ಲ ರಾಷ್ಟ್ರಗೀತೆ ಹಾಡಿದರು. ತಹಸೀಲ್ದಾರರು ಭಾಷಣ ಓದತೊಡಗಿದರು, ಪದ್ಧತಿಯಂತೆ ಕರೆಂಟ್ ಹೋಯಿತು. ನಾನು ಬ್ಯಾಟರಿಗೆ ಬದಲಾಯಿಸಿದೆ.

“ಕರೆಂಟ್ ಹೋದ್ರೂ ನಿಲ್ಲಲ್ವಲ್ಲಯ್ಯಾ ಇದು,” ಎಂದು ಇನ್‌ಸ್ಪೆಕ್ಟರು ತಮ್ಮಷ್ಟಕ್ಕೆ ಹೇಳಿಕೊಂಡರು.

ಯಜಮಾನರು ಮೈಕಿನ ಮುಂದೆ ನಿಂತಾಗ ಮೊದಲು ಕೇಳಿಸಿದ್ದು ಅವರ ಉಸಿರು. ಸೀಳುಸೀಳಾಗಿ, ನಾಲ್ಕು ಹಾರನ್ನಿನಲ್ಲೂ. ದನಿ ತೀರಾ ಸಣ್ಣದು. ನಾನು ಗುಂಡಿಯನ್ನು ಏರಿಸುತ್ತ ಹೋದೆ. ಇನ್ನು ಕೂದಲೆಳೆ ಏರಿಸಿದರೂ ಕುಯ್ಯೆನ್ನುತ್ತದೆ ಎನ್ನುವಲ್ಲಿ ಹಿಡಿದು ನಿಲ್ಲಿಸಿದೆ. ನನ್ನ ಕೈ ಗುಂಡಿಯ ಮೇಲೆ, ಇನ್‌ಸ್ಪೆಕ್ಟರ ಬೆರಳು ಸ್ವಿಚ್ಚಿನ ಮೇಲೆ.

ಅವರು ಜನರನ್ನು ನೋಡಲಿಲ್ಲ, ಮುಂದೆ ಕೂತಿದ್ದ ಮಕ್ಕಳನ್ನು ನೋಡಿದರು. “ಮಕ್ಕಳೇ, ಬಹಳ ಚೆನ್ನಾಗಿ ಹಾಡಿದ್ರಿ. ನಾನು ಎಲ್ಲೆಲ್ಲೋ ಕೇಳಿದ್ದೀನಿ, ದೊಡ್ಡೋರೂ ಎಳೆದಾಡ್ತಾರೆ, ಅಕ್ಷರ ನುಂಗ್ತಾರೆ. ನೀವು ಒಂದನ್ನೂ ನುಂಗ್ಲಿಲ್ಲ.” ಉಸಿರು ತೆಗೆದುಕೊಂಡರು. ಮೈದಾನ ಕಾಯುತ್ತಿತ್ತು. ತಹಸೀಲ್ದಾರರು ಕುರ್ಚಿಯ ಅಂಚಿಗೆ ಬಂದಿದ್ದರು. “ಈ ಹಾಡನ್ನ ನಿಮಗೆ ಕಲಿಸ್ದೋರು ಯಾರು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಆ ಹೆಸರು ಹೇಳಿದಳು. ಪಾಠದ ಪ್ರಶ್ನೆಗೆ ಉತ್ತರ ಹೇಳುವಂತೆ, ಎದ್ದು ನಿಂತು ಹೇಳಿದಳು. ಮರುಕ್ಷಣ ಅವಳ ಅಕ್ಕಪಕ್ಕದವರು, ಆಮೇಲೆ ಎಲ್ಲರೂ. ಹೆಸರು, ಅದರ ಮುಂದೆ “ಮೇಷ್ಟ್ರು!” ಅಷ್ಟು ಮಕ್ಕಳ ಕೂಗು ಮೈಕಿಗೆ ನುಗ್ಗಿ, ನಾಲ್ಕೂ ಹಾರನ್ನುಗಳಿಂದ ಹೊರಬಿದ್ದು, ಕೆರೆ ಏರಿಗೆ ಬಡಿದು ಇನ್ನೊಮ್ಮೆ ಬಂತು. ತಿಂಗಳುಗಟ್ಟಲೆ ಯಾರ ಬಾಯಲ್ಲೂ ಕೇಳದಿದ್ದ ಹೆಸರು.

ನಾನು ಪಕ್ಕಕ್ಕೆ ನೋಡಿದೆ. ಇನ್‌ಸ್ಪೆಕ್ಟರ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಒತ್ತಲು ಬೇಕಾದಷ್ಟು ಸಮಯವೂ ಇತ್ತು. ಅವರು ಮಕ್ಕಳನ್ನೇ ನೋಡುತ್ತಿದ್ದರು.

“ನೆನಪಿಟ್ಕೊಂಡಿದ್ದೀರಿ. ಸಾಕು,” ಎಂದರು ಯಜಮಾನರು. “ಜೈ ಹಿಂದ್.”

ಜೈ ಹಿಂದ್ ಎಂದು ಇಡೀ ಮೈದಾನ ಕೂಗಿತು. ಇನ್‌ಸ್ಪೆಕ್ಟರು ಸ್ವಿಚ್ಚಿನಿಂದ ಕೈ ತೆಗೆದು ನೆಟ್ಟಗೆ ನಿಂತು ಬಾವುಟಕ್ಕೆ ಸೆಲ್ಯೂಟ್ ಹೊಡೆದರು.

ಹೆಸರು ಹೇಳಬೇಕೆಂದೇ ಬಂದಿದ್ದೆ ಎಂದು ಯಜಮಾನರು ಆಮೇಲೆ ನನಗೆ ಹೇಳಿದರು. “ಹಾಡು ಕೇಳಿದ್ಮೇಲೆ, ನಾನ್ಯಾಕೆ ಹೇಳ್ಲಿ, ಅವರೇ ಹೇಳ್ಲಿ ಅನ್ನಿಸ್ತು ಕಣಪ್ಪ.” ಮುಂಚಿನಿಂದ ಹೂಡಿದ ಉಪಾಯವಲ್ಲ ಅದು.

ಮಧ್ಯಾಹ್ನ ಠಾಣೆಯಿಂದ ಕರೆ ಬಂತು. ತಹಸೀಲ್ದಾರರು ಹೆದರಿ ಜಿಲ್ಲೆಗೆ ತಾವೇ ಫೋನ್ ಮಾಡಿದ್ದರಂತೆ. ಇನ್‌ಸ್ಪೆಕ್ಟರು ನನ್ನನ್ನು ಎದುರಿಗೆ ಕೂರಿಸಿಕೊಂಡು ವರದಿ ಬರೆಯುತ್ತ, ಬರೆದದ್ದನ್ನು ಓದಿ ಹೇಳಿದರು: ಧ್ವನಿವರ್ಧಕ ಸರಿಯಾಗಿತ್ತು. ಭಾಷಣಕಾರರು ರಾಷ್ಟ್ರಗೀತೆಯನ್ನು ಪ್ರಶಂಸಿಸಿದರು. ಯಾರ ಹೆಸರನ್ನೂ ಹೇಳಲಿಲ್ಲ.

“ಇದರಲ್ಲಿ ಸುಳ್ಳೈತೇನಯ್ಯಾ?”

“ಇಲ್ಲ ಸಾರ್.”

“ಜನವರಿಗೆ ನಿನ್ನ ಮೈಕು ಬೇಡ ಅಂತ ತಹಸೀಲ್ದಾರ್ರು ಹೇಳವ್ರೆ. ಅದಕ್ಕೆ ನಾನೇನೂ ಮಾಡೋಕಾಗಲ್ಲ.” ಹಾಗೆಯೇ ಆಯಿತು, ಮುಂದಿನ ಗಣರಾಜ್ಯ ದಿನಕ್ಕೆ ಇನ್ನೊಬ್ಬನ ಮೈಕು ಬಂತು. ಪೆನ್ನಿನ ಮುಚ್ಚಳ ಹಾಕುತ್ತ ಇನ್‌ಸ್ಪೆಕ್ಟರು, “ಆ ಹುಡುಗಿ ಎದ್ದು ನಿಂತು ಹೇಳಿದ್ಲು ನೋಡು,” ಎಂದರು. ವರದಿಯನ್ನು ಮಡಿಸಿ ಲಕೋಟೆಗೆ ಹಾಕಿದರು.

ಸಂಜೆಯ ಬೆಳಕಿರುವಾಗಲೇ ವೈರು ಸುತ್ತಿಕೊಳ್ಳುತ್ತ ಬಂದೆ. ಹಿಂದಿನ ಬೀದಿಯ ಹಾರನ್ನನ್ನು ಬಿಚ್ಚಿ ಕೆಳಗಿಳಿಸುವಾಗ ಎದುರು ಮನೆಯ ಹೆಂಗಸು ಹೊರಗೆ ಬಂದರು. ಅದು ಮೇಷ್ಟ್ರ ಬಾಡಿಗೆ ಮನೆ. ಅವರು ಮೇಷ್ಟ್ರ ಹೆಂಡತಿ. ಆ ದಿನಗಳಲ್ಲಿ ಅವರು ಹೊರಗೆ ಕಾಣಿಸಿಕೊಳ್ಳುತ್ತಲೇ ಇರಲಿಲ್ಲ. ಅವರನ್ನು ಮಾತಾಡಿಸಿ ಎಷ್ಟು ಕಾಲವಾಯಿತೆಂದು ನನಗೂ ಲೆಕ್ಕವಿರಲಿಲ್ಲ.

“ಬೆಳಿಗ್ಗೆ ಕೂಗಿದ್ದು ರೆಕಾರ್ಡೇನಪ್ಪಾ?” ಎಂದು ಕೇಳಿದರು.

“ಅಲ್ಲ ಕಣಮ್ಮ. ಮಕ್ಕಳು.”

“ಯಾವ ಕ್ಲಾಸಿನೋರು?”

“ಎಲ್ಲಾ ಕ್ಲಾಸಿನೋರೂ.”

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಒಲೆ ಮುಂದೆ ಇದ್ದೆ. ಯಾರೋ ಇವರ ಹೆಸರು ಹಿಡಿದು ಕೂಗ್ದಂಗಾಯ್ತು. ಇವರು ಮನೇಲಿಲ್ಲ ಕಣ್ರಪ್ಪಾ ಅಂತ ಹೇಳೋಕೆ ಬಾಗಿಲಿಗೆ ಓಡಿ ಬಂದ್ಬುಟ್ಟೆ.”

ನಾನು ಹಾರನ್ನನ್ನು ನೆಲಕ್ಕಿಟ್ಟೆ.

“ಯಾರೂ ಇರ್ಲಿಲ್ಲ,” ಎಂದರು ಅವರು. “ಆಮೇಲೆ ಇಲ್ಲೇ ಹೊಸಿಲ ಮೇಲೆ ಕೂತಿದ್ದೆ. ಇನ್ನೊಂದ್ಸಲ ಕೂಗ್ತಾರೇನೋ ಅಂತ.”